ದರ್ಭೆ ಹಾಕದ ನೀರು

ಶಮೀವನ ಅಪಾರ್ಟ್‌ಮೆಂಟ್
ವಿದ್ಯಾನಗರ, ಶಿವಮೊಗ್ಗ
13 ಸೆಪ್ಟೆಂಬರ್ 2025

ಕೊಟ್ರಬಸಪ್ಪನವರಿಗೆ ವಿಷ್ಣುಪ್ರಸಾದನ ನಮಸ್ಕಾರ.

ಫೋನ್ ಮಾಡಿದ್ದೆ. ಎತ್ತಿದಿರಿ, ಏನೋ ಹೇಳಿದಿರಿ, ಇಟ್ಟುಬಿಟ್ಟಿರಿ. ನನ್ನ ಕಿವಿಯ ಯೋಗ್ಯತೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಊಟಕ್ಕೆ ಬಡಿಸುವಾಗ ನಮ್ಮ ಮನೆಯಾಕೆ ಸುಬ್ಬಲಕ್ಷ್ಮಿ ಕೂಡ ಈಗ ಕೈಸನ್ನೆಯಲ್ಲೇ ಕೇಳುತ್ತಾಳೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ನಿಮ್ಮ ಉತ್ತರವೂ ಕಾಗದದಲ್ಲೇ ಬರಲಿ.

ಬುಧವಾರ ಬಂದವರು ನನಗೆ ಸಿಗದೆ ಹೋದಿರಿ, ಆಮೇಲೆ ಕಾಣುತ್ತಲೇ ಇಲ್ಲ. ವಾಚ್‌ಮನ್ ನಾಗಯ್ಯನನ್ನು ಕೇಳಿದರೆ ನೆಲಮಾಳಿಗೆಯ ಕಡೆ ಬೆರಳು ತೋರಿಸಿ ತಲೆ ಅಲ್ಲಾಡಿಸಿದ. ಬರೆದು ತೋರಿಸಯ್ಯಾ ಎಂದೆ. "ಬಸಪ್ಪೋರ್ನ ತೆಗ್ದಾಕಿದಾರೆ" ಎಂದು ಬರೆದ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ನಾನು. ನನಗೆ ಈ ಸುದ್ದಿ ವಾಚ್‌ಮನ್ ಬಾಯಿಂದ ಬರಬೇಕೇ?

ಇಪ್ಪತ್ತನಾಲ್ಕು ಮನೆಗಳ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಬಾಯಿಬಿಟ್ಟು ಹೇಳಬಾರದ ನೀರು, ಎಲ್ಲ ಹೋಗಿ ಸೇರುವ ಆ ತೊಟ್ಟಿಯನ್ನು ನಾಲ್ಕು ವರ್ಷ ನೋಡಿಕೊಂಡವರು ನೀವು. ಅದನ್ನೇ ಸೋಸಿ ತಿಳಿ ಮಾಡಿ ಮತ್ತೆ ಕಕ್ಕಸಿನ ಟ್ಯಾಂಕಿಗೂ ತೋಟಕ್ಕೂ ಏರಿಸುತ್ತಿದ್ದಿರಿ. ಬೆಳಿಗ್ಗೆ ಏಳಕ್ಕೆ ನಾನು ಪೂಜೆಗೆ ಹೂ ಕೊಯ್ಯಲು ಇಳಿದರೆ ಗಾಜಿನ ಲೋಟ ಬೆಳಕಿಗೆ ಹಿಡಿದು ನಿಂತಿರುತ್ತಿದ್ದಿರಿ. "ನೋಡ್ರಿ ಮೇಷ್ಟ್ರೇ, ತುಂಗೆಗಿಂತ ತಿಳಿ. ಒಂದ್ ಗುಟುಕು?" "ಥೂ, ಆಚೆ ಇಡಿ ಮಾರಾಯ್ರೇ!" ಇದಿಲ್ಲದೆ ನನಗೆ ಬೆಳಗಾದ ಹಾಗೆಯೇ ಆಗುತ್ತಿಲ್ಲ. ಈಗ ಎಲ್ಲದಕ್ಕೂ ಬೋರ್‌ವೆಲ್ ನೀರು. ತೋಟದ ಕಡೆ ಯಾರೂ ಪೈಪು ಹಿಡಿದಿಲ್ಲ.

ತೊಟ್ಟಿ ಒಣಗಿ ನೀರು ಸೋಸುವ ಪ್ಲಾಂಟ್ ಹಾಳಾಯಿತಂತೆ. ಖಾಲಿ ತೊಟ್ಟಿ ಹಾಳಾಗುವುದು ಹೇಗೆ? ತೊಳೆದಿಟ್ಟ ಪಾತ್ರೆ ಕೆಟ್ಟುಹೋಯಿತು ಎಂದು ಯಾರಾದರೂ ಹೇಳುತ್ತಾರೆಯೇ? ನನಗೆ ಅರ್ಥವಾಗುವ ಹಾಗೆ ಬರೆಯಿರಿ.

ಕುಂಸಿಯಲ್ಲಿ ನಿಮ್ಮ ಭಾವನವರ ಶಿವಗಣಾರಾಧನೆ ಸರಿಯಾಗಿ ನಡೆಯಿತೇ? ಹೊರಡುವಾಗ ಕೀಲಿಕೈ ನನ್ನ ಕೈಗಿಟ್ಟು, ಎರಡು ದಿನ ಒಮ್ಮೆ ಇಳಿದು ನೋಡಿದರೆ ಸಾಕು ಎಂದಿದ್ದಿರಿ. ನೋಡಿದೆ. ಕೀಲಿಕೈ ಇನ್ನೂ ನನ್ನ ಹತ್ತಿರವೇ ಇದೆ.

ಇಂತು,
ವಿಷ್ಣುಪ್ರಸಾದ


ಜನ್ನಾಪುರ, ಭದ್ರಾವತಿ
19 ಸೆಪ್ಟೆಂಬರ್ 2025

ಮೇಷ್ಟ್ರಿಗೆ ಕೊಟ್ರಬಸಪ್ಪನ ಶರಣು.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದಾಗ ಬರೆದದ್ದು ಲಾಗ್ ಬುಕ್. ಕಾರ್ಖಾನೆ ನಿಂತ ಮೇಲೆ ನಿಮ್ಮಲ್ಲಿ ಬರೆದದ್ದೂ ಲಾಗ್ ಬುಕ್. ಹಾಗೆಯೇ ಬರೆಯುತ್ತೇನೆ, ನಗಬೇಡಿ.

10 ಸೆಪ್ಟೆಂಬರ್, ಬುಧವಾರ. ಬೆಳಿಗ್ಗೆ 6.55. ಗೇಟಿನಲ್ಲೇ ಗೊತ್ತಾಯಿತು. ಗಾಳಿ ಊದುವ ಬ್ಲೋವರ್ ಸದ್ದಿಲ್ಲ. ನಾಲ್ಕು ವರ್ಷದಲ್ಲಿ ಆ ಸದ್ದು ನಿಂತದ್ದು ಕರೆಂಟ್ ಹೋದಾಗ ಮಾತ್ರ.

7.00. ನನ್ನ ಹತ್ತಿರದ ಇನ್ನೊಂದು ಕೀಲಿಯಲ್ಲಿ ಬಾಗಿಲು ತೆಗೆದು ಇಳಿದೆ. ತೊಟ್ಟಿ ಖಾಲಿ. ಖಾಲಿ ಅಷ್ಟೇ ಅಲ್ಲ, ಉಜ್ಜಿ ತೊಳೆದಿದ್ದರು. ಮದುವೆ ಮನೆಯ ಹಂಡೆ ಹಾಗೆ ಹೊಳೆಯುತ್ತಿತ್ತು. ಮೆಂಬ್ರೇನ್ ಒಣಗಿ ಬಿಳಿಚಿಕೊಂಡಿತ್ತು.

ಖಾಲಿ ತೊಟ್ಟಿ ಹೇಗೆ ಹಾಳಾಗುತ್ತದೆ ಎಂದು ಕೇಳಿದಿರಿ. ಮೇಷ್ಟ್ರೇ, ಅದರಲ್ಲಿದ್ದ ಕಂದು ನೀರು ಕೊಳಚೆ ಅಲ್ಲ, ಹೆಪ್ಪು. ಕೊಳೆ ತಿನ್ನುವ ಜೀವಗಳು ಅದರಲ್ಲಿ ಕೋಟಿಗಟ್ಟಲೆ ಇರುತ್ತವೆ. ಮೊದಲ ವರ್ಷ ಬೇರೆ ಪ್ಲಾಂಟಿನಿಂದ ಕ್ಯಾನಿನಲ್ಲಿ ತಂದು, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಹಾಕಿ, ನಲವತ್ತು ದಿನ ಕಾದು ಎಬ್ಬಿಸಿದ್ದೆ. ಆ ನೀರಿನೊಳಗೆ ನೇತಾಡುತ್ತಿದ್ದ ಬಿಳಿ ಎಳೆಗಳನ್ನು ತೋರಿಸಿದ್ದೆನಲ್ಲ, ಶಾವಿಗೆ ಥರ ಇದೆ ಎಂದು ನೀವು ನಕ್ಕಿದ್ದಿರಿ. ಆ ಶಾವಿಗೆಯ ಒಂದೊಂದು ಎಳೆಯೂ ಒಳಗೆ ಟೊಳ್ಳು, ಮೈಯೆಲ್ಲ ಕಣ್ಣಿಗೆ ಕಾಣದ ತೂತು. ತಿಳಿನೀರು ಮಾತ್ರ ಒಳಗೆ ಹೋಗುತ್ತದೆ. ಅದೇ ಮೆಂಬ್ರೇನ್. ಅದು ಯಾವಾಗಲೂ ಒದ್ದೆಯಾಗಿರಬೇಕು. ಒಮ್ಮೆ ಒಣಗಿದರೆ ತೂತೆಲ್ಲ ಮುಚ್ಚಿಹೋಗುತ್ತವೆ. ತಿನ್ನುವ ಶಾವಿಗೆ ಆದರೆ ಮತ್ತೆ ನೆನೆಸಬಹುದು.

ಆದರೂ ನೆನೆಸಿದೆ. ಇಡೀ ದಿನ ನೀರು ತುಂಬಿಸಿಟ್ಟೆ. ಸಂಜೆ 4.30ಕ್ಕೆ ಪಂಪು ಹಾಕಿದೆ. ಪಂಪು ಎಳೆಯುತ್ತದೆ, ಮೀಟರಿನ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ, ಒಂದು ಲೋಟ ನೀರು ಬರಲಿಲ್ಲ.

ಪ್ಲಾಂಟ್ ನಡೆಸುವ ನಮ್ಮ ಕಂಪನಿಯ ಸೂಪರ್‌ವೈಸರ್ ರುದ್ರೇಶ್ ಬಂದರು. "ಯಾರ್ರೀ ಖಾಲಿ ಮಾಡಿದ್ದು?" ಎಂದರು. ತೊಟ್ಟಿ ತೊಳೆಯಲು ವಾಲ್ವ್ ತೆರೆದು, ಮರೆತು ಊರಿಗೆ ಹೋದೆ ಎಂದು ಬರೆದು ಸಹಿ ಹಾಕಿಕೊಟ್ಟೆ. ನಾಳೆಯಿಂದ ಬರಬೇಡಿ ಎಂದರು.

ಒಂದು ಮಾತು. ವಾಲ್ವ್ ತಿರುಗಿಸುವ ಹಿಡಿಕೆಯನ್ನು ಬಟ್ಟೆಯಲ್ಲಿ ಒರೆಸಿ, ಬಾಯಿ ಎಡಕ್ಕೆ ಮಾಡಿ, ಅದರ ಮೊಳೆಗೇ ನೇತುಹಾಕಿದ್ದರು. ನಾನು ಇಡುವ ಹಾಗೆಯೇ. ಅಷ್ಟು ಶಿಸ್ತು ಆ ಬಿಲ್ಡಿಂಗಿನಲ್ಲಿ ಇನ್ನು ಯಾರಿಗಿದೆ ಎಂದು ನಾನು ಯೋಚಿಸಲು ಹೋಗಲಿಲ್ಲ. ನೀವೂ ಹೋಗಬೇಡಿ.

ಕೀಲಿಕೈ ನಾಗಯ್ಯನಿಗೆ ಕೊಟ್ಟುಬಿಡಿ. ದಾಸವಾಳದ ಬುಡಕ್ಕೆ ಸಂಜೆ ಒಂದು ಬಿಂದಿಗೆ ನೀರು ಹಾಕಿ.

ಇತಿ ನಿಮ್ಮ,
ಕೊಟ್ರಬಸಪ್ಪ


ವಿದ್ಯಾನಗರ
26 ಸೆಪ್ಟೆಂಬರ್ 2025

ಕೊಟ್ರಬಸಪ್ಪನವರೇ,

ನಾನೇ.

ಮೂರು ಹಾಳೆ ಹರಿದು ಹಾಕಿದೆ. ಏನು ಬರೆದರೂ ಮೊದಲ ಮಾತು ಇದೇ ಆಗಬೇಕು.

7ನೇ ತಾರೀಖು ಭಾನುವಾರ ಗ್ರಹಣ. ನೀವು ಕುಂಸಿಗೆ ಹೋದ ದಿನ. ಸಂಜೆಯಿಂದಲೇ ನಮ್ಮ ಮನೆಯಲ್ಲಿ ದರ್ಭೆಯ ಸಂಭ್ರಮ. ಸುಬ್ಬಲಕ್ಷ್ಮಿ ಕತ್ತರಿ ಹಿಡಿದು ಕತ್ತರಿಸಿ ಕೊಟ್ಟಳು, ನಾನು ಹಾಕುತ್ತಾ ಹೋದೆ. ಕುಡಿಯುವ ನೀರಿಗೆ, ಹಾಲಿಗೆ, ತುಪ್ಪಕ್ಕೆ, ದೋಸೆಹಿಟ್ಟಿಗೆ, ಉಪ್ಪಿನಕಾಯಿ ಭರಣಿಗೆ. ಮೇಲಿನ ಟ್ಯಾಂಕಿಗೆ ನಾಗಯ್ಯನನ್ನು ಹತ್ತಿಸಿ ಹಾಕಿಸಿದೆ. ಕೆಳಗಿನ ಸಂಪಿಗೂ ಹಾಕಿದೆ. ದರ್ಭೆ ಬಿದ್ದ ನೀರಿಗೆ ಗ್ರಹಣದ ದೋಷವಿಲ್ಲ, ಬೀಳದ ನೀರನ್ನು ಗ್ರಹಣ ಬಿಟ್ಟ ಮೇಲೆ ಚೆಲ್ಲಬೇಕು. ಇದು ನಮ್ಮಲ್ಲಿ ಮಗುವಿಗೂ ಗೊತ್ತು.

ಬೆಳಿಗ್ಗೆ ಸ್ನಾನ ಮುಗಿಸಿ ಹೂ ಕೊಯ್ಯಲು ಇಳಿದಾಗ ನಿಮ್ಮ ತೊಟ್ಟಿ ನೆನಪಾಯಿತು. ಅದಕ್ಕೆ ಹಾಕಿರಲಿಲ್ಲ. ಗ್ರಹಣದ ನೀರು ಸೋಸಿ ಬಂದು ಇದೇ ದಾಸವಾಳದ ಬುಡಕ್ಕೆ ಬೀಳುತ್ತದೆ, ಇದೇ ಹೂವನ್ನು ನಾನು ದೇವರ ತಲೆಯ ಮೇಲೆ ಇಡುತ್ತೇನೆ. ಮನಸ್ಸು ತಡೆಯಲಿಲ್ಲ. ಕೀಲಿ ಕೈಯಲ್ಲೇ ಇತ್ತು. ಎಂದಾದರೂ ನೀವಿಲ್ಲದಾಗ ನೀರು ಉಕ್ಕಿದರೆ ಎಂದು ನೀವೇ ತೋರಿಸಿಕೊಟ್ಟಿದ್ದಿರಿ: ಮೊದಲು ಸ್ವಿಚ್ಚು, ಆಮೇಲೆ ಕೆಳಗಿನ ವಾಲ್ವ್. ಹಾಗೆಯೇ ಮಾಡಿದೆ. ಕಂದು ನೀರೆಲ್ಲ ಚರಂಡಿಗೆ ಹೋಯಿತು. ನಾಗಯ್ಯನ ಕೈಯಲ್ಲಿ ಪೈಪು ಹಿಡಿಸಿ, ನಾನೇ ಪೊರಕೆ ತೆಗೆದುಕೊಂಡು ಗೋಡೆ ಉಜ್ಜಿದೆ. ಎಪ್ಪತ್ತಮೂರರ ವಯಸ್ಸಿನಲ್ಲಿ, ಕೊಟ್ರಬಸಪ್ಪನವರೇ, ಮೊಣಕಾಲೂರಿ ಉಜ್ಜಿದೆ.

ನಾಚಿಕೆಯ ಮಾತು ಇನ್ನೊಂದಿದೆ, ಅದನ್ನೂ ಬರೆದುಬಿಡುತ್ತೇನೆ. ನೀವು ಬುಧವಾರ ಬಂದು ನೋಡಿ, "ಅಬ್ಬಾ ಮೇಷ್ಟ್ರೇ, ಇದೇನು ಇಷ್ಟು ಚೊಕ್ಕ ಮಾಡಿದೀರಿ!" ಎನ್ನುತ್ತೀರಿ ಎಂದು ಕಾದಿದ್ದೆ. ಸೋಮವಾರ ಮಂಗಳವಾರ ಎರಡೂ ದಿನ ಆ ಸಂತೋಷದಲ್ಲೇ ಇದ್ದೆ.

ಸಂಘದ ಸಭೆಯಲ್ಲಿ ಎಲ್ಲರ ಎದುರು ಹೇಳಿಬಿಡುತ್ತೇನೆ. ಕಂಪನಿಗೂ ಬರೆಯುತ್ತೇನೆ. ನೀವು ಸಹಿ ಹಾಕಿದ ಆ ಹಾಳೆಯನ್ನು ಹರಿದು ಹಾಕಿಸುವುದು ನನ್ನ ಹೊಣೆ.

ತಪ್ಪಿತಸ್ಥ,
ವಿಷ್ಣುಪ್ರಸಾದ


ಜನ್ನಾಪುರ
4 ಅಕ್ಟೋಬರ್ 2025

ಮೇಷ್ಟ್ರೇ, ಶರಣು.

ದಯವಿಟ್ಟು ಹೇಳಬೇಡಿ. ಕಾಲು ಹಿಡಿದು ಕೇಳುತ್ತೇನೆ.

ನಿಮ್ಮನ್ನು ಉಳಿಸಲು ಸಹಿ ಹಾಕಿದೆ ಎಂದು ನಾನು ದೊಡ್ಡಸ್ತಿಕೆ ಕೊಚ್ಚುವುದಿಲ್ಲ. ಅರ್ಧ ಅದು, ಅರ್ಧ ನನ್ನ ಸ್ವಾರ್ಥ. ರಜೆ ಬೇಕಾದರೆ ಕಂಪನಿಗೆ ತಿಳಿಸಬೇಕು, ಅವರು ಬದಲಿ ಆಪರೇಟರ್ ಕಳಿಸಬೇಕು. ನಾನು ತಿಳಿಸಲಿಲ್ಲ. ಎರಡು ದಿನಕ್ಕೆ ಯಾಕೆ, ಮೇಷ್ಟ್ರಿದ್ದಾರಲ್ಲ ಎಂದುಕೊಂಡೆ. ಕೀಲಿ ಹೊರಗಿನವರ ಕೈಗೆ ಕೊಡುವುದು ಮರೆವಿಗಿಂತ ದೊಡ್ಡ ತಪ್ಪು. ಮರೆತೆ ಎಂದರೆ ಬೈದು, ಒಂದೆರಡು ತಿಂಗಳು ಬಿಟ್ಟು ಬೇರೆ ಕಡೆ ಹಾಕುತ್ತಾರೆ. ರುದ್ರೇಶ್ ಹಾಗೆಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಆ ಮಾತಿನ ಮೇಲೆ ಕೂತಿದ್ದೇನೆ.

ಇನ್ನೊಂದು. ಆಪರೇಟರ್ ತಪ್ಪಿನಿಂದ ಹಾಳಾದರೆ ಹೊಸ ಮೆಂಬ್ರೇನ್ ಕಂಪನಿ ಹಾಕಬೇಕು. ಮನೆಯವರು ಕೈ ಹಾಕಿ ಹಾಳಾದರೆ ಮನೆಯವರೇ ಹಾಕಿಸಬೇಕು. ಅಗ್ರಿಮೆಂಟಿನಲ್ಲಿ ಹಾಗಿದೆ. ನೀವು ಬಾಯಿ ಬಿಟ್ಟರೆ ಇಪ್ಪತ್ತನಾಲ್ಕು ಮನೆಯವರೂ ನಿಮ್ಮ ಮೇಲೆ ಬೀಳುತ್ತಾರೆ. ಅವರ ನಡುವೆ ನೀವು ದಿನಾ ಲಿಫ್ಟಿನಲ್ಲಿ ಇಳಿದು ಹತ್ತಬೇಕು.

ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ನಿಮ್ಮ ಕಾಗದ ಓದಿ ಮಡಿಸಿ ಕಿಸೆಗಿಟ್ಟು, ಮತ್ತೆ ತೆಗೆದು ಓದಿದೆ. ಕಾಶಮ್ಮ ಕೇಳಿದಳು, "ಏನಂತೆ ಮೇಷ್ಟ್ರದು?" ಹೇಳಿದೆ. ಅವಳು ನಿಮಗೆ ಬೈಯಲಿಲ್ಲ, ನನಗೇ ಬೈದಳು. "ಬೇಲಿ ಮೇಲೆ ಹೋಗೋ ಓತಿಕ್ಯಾತನ ಕಿವಿಗೆ ಬಿಟ್ಕೊಂಡ್ರಲ್ರೀ! ಆ ವಾಲ್ವ್ ಅವ್ರಿಗ್ಯಾಕೆ ತೋರ್ಸೋಕ್ ಹೋದ್ರಿ?" ಯಾಕೆ ತೋರಿಸಿದೆ ಎಂದರೆ, ನೋಡುವವರು ನೀವೊಬ್ಬರೇ ಇದ್ದಿರಿ. ಉಳಿದವರಿಗೆ ಕೆಳಗೆ ತೊಟ್ಟಿ ಇದೆ ಎನ್ನುವುದೂ ಗೊತ್ತಿಲ್ಲ. ನೀವು ಮೂಗು ಮುಚ್ಚಿಕೊಂಡಾದರೂ ಬಂದು ನೋಡುತ್ತಿದ್ದಿರಿ.

ಮೊನ್ನೆ ಆಯುಧಪೂಜೆ. ಪ್ರತಿ ವರ್ಷ ಬ್ಲೋವರಿಗೆ ವಿಭೂತಿ ಹಚ್ಚಿ, ಬೂದುಗುಂಬಳಕಾಯಿ ಒಡೆಯುತ್ತಿದ್ದೆ. ಈ ಸಲ ಮನೆಯಲ್ಲಿ ಸ್ಪ್ಯಾನರ್ ಸೆಟ್ ಇಟ್ಟು ಪೂಜೆ ಮಾಡಿದೆ.

ಒಂದು ಕೇಳಬೇಕು. ಶಾಸ್ತ್ರ ನನಗೆ ಗೊತ್ತಿಲ್ಲ, ತಿಳಿಯದೆ ಕೇಳುತ್ತಿದ್ದೇನೆ. ನೀರಿಗೆ ಹಾಕಿದಿರಿ, ಹಾಲಿಗೆ ಹಾಕಿದಿರಿ, ಉಪ್ಪಿನಕಾಯಿಗೂ ಹಾಕಿದಿರಿ. ಒಂದು ಎಳೆ ದರ್ಭೆ ನನ್ನ ತೊಟ್ಟಿಗೂ ಹಾಕಿದ್ದರೆ ಆಗುತ್ತಿರಲಿಲ್ಲವೇ?

ಶರಣು,
ಕೊಟ್ರಬಸಪ್ಪ


ವಿದ್ಯಾನಗರ
16 ನವೆಂಬರ್ 2025

ಕೊಟ್ರಬಸಪ್ಪನವರೇ,

ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ. ನಿಮ್ಮ ಕೊನೆಯ ಪ್ರಶ್ನೆಯ ಬೆನ್ನು ಹತ್ತಿದ್ದೆ.

ನಿಮ್ಮ ಮಾತು ಮೀರಿದೆ. ಕಳೆದ ಭಾನುವಾರ, 9ನೇ ತಾರೀಖು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ತೊಟ್ಟಿ ಖಾಲಿ ಮಾಡಿದವನು ನಾನು, ಕೊಟ್ರಬಸಪ್ಪನವರದು ಏನೂ ತಪ್ಪಿಲ್ಲ. ಎಲ್ಲರೂ ಎದ್ದು ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ.

ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಯದರ್ಶಿ ವೀರೇಂದ್ರ ನನ್ನ ಪಕ್ಕಕ್ಕೆ ಬಂದು ಭುಜದ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಕೂಗಿದರು: "ಸರ್, ನಿಮ್ಗೆ ಏನೋ ಕನ್‌ಫ್ಯೂಸ್ ಆಗಿದೆ. ಆಪರೇಟರೇ ಬರ್ದು ಕೊಟ್ಟಿದಾನಲ್ಲ! ಕೂತ್ಕೊಳ್ಳಿ." ಇಲ್ಲವಯ್ಯಾ, ನಾಗಯ್ಯನನ್ನು ಕೇಳಿ, ಪೈಪು ಹಿಡಿದವನು ಅವನೇ ಎಂದೆ. ನಾಗಯ್ಯನನ್ನು ಕರೆಸಿದರು. ಅವನು ವೀರೇಂದ್ರನ ಮುಖ ನೋಡಿದ, ನನ್ನ ಮುಖ ನೋಡಿದ, ನೆಲ ನೋಡಿದ. ಅವನ ತುಟಿ ಅಲ್ಲಾಡಿದ್ದು ಕಾಣಿಸಿತು. ಏನು ಹೇಳಿದ ಎಂದು ಕೇಳಿಸಲಿಲ್ಲ. ಆಮೇಲೆ ಸುಬ್ಬಲಕ್ಷ್ಮಿ ಬರೆದು ತೋರಿಸಿದಳು: "ನಂಗೆ ಜ್ಞಾಪಕ ಇಲ್ಲ ಸರ್" ಎಂದನಂತೆ. ಅವನಿಗೂ ಹೊಟ್ಟೆಪಾಡು. ನಾನು ಅವನ ಮೇಲೆ ಕೋಪ ಮಾಡಿಕೊಳ್ಳಲಾರೆ.

ಎರಡು ದಿನ ಬಿಟ್ಟು ನಡಾವಳಿ ಪುಸ್ತಕ ನೋಡಿದೆ. "ಅಧ್ಯಕ್ಷರು ವಯೋಸಹಜ ಅನಾರೋಗ್ಯದಿಂದ ಹುದ್ದೆ ತೊರೆದರು" ಎಂದು ಬರೆದಿದ್ದಾರೆ. ನಾನು ತೊರೆದದ್ದು ನನಗೇ ಗೊತ್ತಿರಲಿಲ್ಲ. ಅವರಾರೂ ಕೆಟ್ಟವರಲ್ಲ. ಮರುದಿನ ಮೂರನೇ ಮಹಡಿಯವರು ಒಂದು ಡಬ್ಬಿ ಚಕ್ಕುಲಿ ತಂದುಕೊಟ್ಟು ಆರೋಗ್ಯ ವಿಚಾರಿಸಿದರು. ನಿಜ ಹೇಳಿದವನಿಗೆ ಚಕ್ಕುಲಿ ಕೊಟ್ಟು ಸಮಾಧಾನ ಮಾಡುವ ಕಾಲ. ಕಂಪನಿಗೂ ಬರೆದು ಹಾಕಿದ್ದೇನೆ. ಅಲ್ಲಾದರೂ ಯಾರಾದರೂ ಓದುತ್ತಾರೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ ಹುಡುಕಿದೆ. ಕೂಡಿಟ್ಟ ನೀರಿಗೆ ದರ್ಭೆ ಹಾಕಬೇಕು ಎಂದಿದೆ. ಯಾವ ನೀರಿಗೆ ಹಾಕಬೇಕು, ಯಾವುದಕ್ಕೆ ಬೇಡ ಎಂದು ಎಲ್ಲೂ ಬಿಡಿಸಿ ಹೇಳಿಲ್ಲ. ಬಿಡಿಸಿದವನು ನಾನು. ನಿಮ್ಮ ತೊಟ್ಟಿಯ ಬಾಗಿಲ ತನಕ ದರ್ಭೆ ಕೈಯಲ್ಲಿ ಹಿಡಿದು ಹೋಗಿದ್ದೆ, ಸಂಪಿಗೆ ಹಾಕಿ ವಾಪಸ್ ಬಂದೆ. ಅದು ನೀರು ಎಂದು ನನಗೆ ತೋರಲೇ ಇಲ್ಲ. ನಾಲ್ಕು ವರ್ಷ ನೀವು ಲೋಟದಲ್ಲಿ ಹಿಡಿದು ತೋರಿಸಿದ್ದೂ ದಂಡ.

ದಾಸವಾಳ ಎರಡು ಗಿಡ ಒಣಗಿದವು. ಉಳಿದದ್ದಕ್ಕೆ ನಾನು ಬಿಂದಿಗೆ ಹೊರುತ್ತಿದ್ದೇನೆ.

ವಿಷ್ಣುಪ್ರಸಾದ


ಜನ್ನಾಪುರ
10 ಜನವರಿ 2026

ಮೇಷ್ಟ್ರೇ, ಶರಣು.

ನಿಮ್ಮ ಕಾಗದವನ್ನು ಕಂಪನಿಯಲ್ಲಿ ಓದಿದರು. ಡಿಸೆಂಬರ್ ಕೊನೆಗೆ ರುದ್ರೇಶ್ ಮನೆಗೇ ಬಂದರು. ಬೈಕ್ ನಿಲ್ಲಿಸಿ, ಒಳಗೆ ಬಂದು, ಕಾಶಮ್ಮ ಕೊಟ್ಟ ಚಾ ಕುಡಿದು, ಎರಡೂ ಕಾಗದ ಪಕ್ಕಪಕ್ಕ ಇಟ್ಟರು, ನಂದೊಂದು, ನಿಮ್ಮದೊಂದು.

"ಯಾವ್ದು ನಿಜ ಹೇಳ್ರಿ ಬಸಪ್ಪೋರೇ."

ಕಾಶಮ್ಮ ಬಾಗಿಲಲ್ಲಿ ನಿಂತು ಹೇಳಿ ಹೇಳಿ ಎಂದು ಕಣ್ಣು ಮಾಡುತ್ತಿದ್ದಳು. ಮೇಷ್ಟ್ರದೇ ನಿಜ ಎಂದೆ. ಹೇಳಿದ ಕೂಡಲೇ ಎದೆ ಹಗುರಾಯಿತು, ಅದನ್ನು ಯಾಕೆ ಮುಚ್ಚಿಡಲಿ.

"ಹಂಗಾದ್ರೆ ಕೀಲಿ ಕೊಟ್ಟೋರ್ಯಾರು?"

"ನಾನು."

"ರಜಾ ಹೇಳಿದ್ರಾ?"

"ಇಲ್ಲ."

ಅವರು ಎರಡೂ ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ನಿಜ ಹೇಳಿದರೂ ನಾನೇ, ಸುಳ್ಳು ಹೇಳಿದರೂ ನಾನೇ ಮೇಷ್ಟ್ರೇ. ಮೊದಲು ಮರೆಗುಳಿ ಆಗಿದ್ದೆ, ಈಗ ಕೀಲಿ ಹಂಚುವವನೂ ಸುಳ್ಳು ಸಹಿ ಹಾಕುವವನೂ ಆದೆ. ಬೇರೆ ಕಡೆ ಹಾಕುವ ಮಾತು ಅಲ್ಲಿಗೆ ಮುಗಿಯಿತು. "ನಂಗೂ ಮೇಲಿನವ್ರಿದಾರೆ" ಎಂದರು. ಅವರೂ ಕೆಟ್ಟ ಮನುಷ್ಯರಲ್ಲ.

ಶಿವಮೊಗ್ಗದ ಒಂದು ಆಸ್ಪತ್ರೆಗೆ ಇಂಥದ್ದೇ ಪ್ಲಾಂಟ್ ಇದೆ, ಆಪರೇಟರ್ ಬೇಕು ಎಂದು ಕೇಳಿ ಹೋಗಿದ್ದೆ. ಹೆಸರು ಹೇಳಿದೆ. ಅಲ್ಲಿಯವರು ಪೆನ್ನು ಕೆಳಗಿಟ್ಟು, "ಓ, ಮೆಂಬ್ರೇನ್ ಒಣಗಿಸಿದೋರು ನೀವೇನಾ?" ಎಂದರು. ನಮ್ಮ ಕಡೆ ಈ ಕೆಲಸ ಮಾಡುವವರು ಬೆರಳೆಣಿಕೆಯಷ್ಟು ಜನ. ಎಲ್ಲರಿಗೂ ಗೊತ್ತಾಗಿದೆ. ಹೊಸ ಹುಡುಗರಿಗೆ ತರಬೇತಿ ಕೊಡುವಾಗ "ಕೊಟ್ರಬಸಪ್ಪನ ಹಾಗೆ ಮಾಡಬೇಡಿ" ಎಂದು ಹೇಳಿಕೊಡುತ್ತಾರಂತೆ. ಹೇಳಿದವರು ನಗುನಗುತ್ತಾ ಹೇಳಿದರು. ನಾನೂ ನಕ್ಕು ಬಂದೆ.

ಬೆಳಿಗ್ಗೆ ಐದೂವರೆಗೆ ಎಚ್ಚರ ತಾನಾಗಿಯೇ ಆಗುತ್ತದೆ. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಅಂಗಿ ಹಾಕಿಕೊಂಡ ಮೇಲೆ ಹೋಗಲು ಜಾಗವಿಲ್ಲ ಎಂದು ನೆನಪಾಗುತ್ತದೆ. ಒಂದು ದಿನ ಬಸ್ಸು ಹತ್ತಿ ಶಿವಮೊಗ್ಗಕ್ಕೇ ಬಂದೆ. ನಿಮ್ಮ ಗೇಟಿನ ತನಕ ಬಂದು, ಬ್ಲೋವರ್ ಸದ್ದಿಗೆ ಕಿವಿಗೊಟ್ಟು ನಿಂತು, ಏನೂ ಕೇಳಿಸದೆ ವಾಪಸ್ ಹೋದೆ. ನೀವು ಗಿಡಕ್ಕೆ ನೀರು ಹಾಕುತ್ತಿದ್ದಿರಿ. ಬೆನ್ನು ಈ ಕಡೆ ಇತ್ತು.

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಇನ್ನು ಮುಂದೆ ನನಗಾಗಿ ಏನೂ ಮಾಡಬೇಡಿ.

ಕೊಟ್ರಬಸಪ್ಪ


ವಿದ್ಯಾನಗರ
9 ಫೆಬ್ರುವರಿ 2026

ಕೊಟ್ರಬಸಪ್ಪನವರೇ,

ಏನೂ ಮಾಡಬೇಡಿ ಎಂದಿರಿ. ಸರಿ, ಮಾಡುವುದಿಲ್ಲ. ಇದು ಕೇಳಿಕೊಳ್ಳುವ ಕಾಗದ.

ಕಳೆದ ತಿಂಗಳ ಕೊನೆಗೆ ಲಾರಿಯಲ್ಲಿ ಹೊಸ ಮೆಂಬ್ರೇನ್ ಬಂತು. ಕೀಲಿ ಆಪರೇಟರ್ ಸುಪರ್ದಿಯಲ್ಲಿತ್ತು, ಆದ್ದರಿಂದ ಹೊಣೆ ತಮ್ಮದೇ ಎಂದು ಕಂಪನಿ ಒಪ್ಪಿಕೊಂಡಿತಂತೆ. ನಮ್ಮಲ್ಲಿ ಎಲ್ಲರಿಗೂ ಖುಷಿ. ಮೊನ್ನೆ ವೀರೇಂದ್ರ ಪೇಡಾ ಹಂಚಿದರು. ನನ್ನ ಪಾಲಿನದು ಇನ್ನೂ ಮೇಜಿನ ಮೇಲಿದೆ, ಇರುವೆ ಮುತ್ತಿದೆ. ನಿಮ್ಮ ಕೆಲಸ ಹೋದದ್ದರಿಂದ ಎಲ್ಲವೂ ಸರಿಹೋಯಿತು. ಇದನ್ನು ಬರೆಯುವಾಗ ನನಗೆ ಆಗುತ್ತಿರುವುದನ್ನು ಬರೆಯಲಾರೆ.

ಹೊಸ ಆಪರೇಟರ್ ನಾಗೇಶ ಎಂದು. ಕೆಲಸಕ್ಕೆ ಹೊಸಬ, ಮನೆಯಲ್ಲಿ ಎರಡು ಪುಟ್ಟ ಮಕ್ಕಳಂತೆ. ಹೆಪ್ಪು ತಂದು ಹಾಕಿ ಹನ್ನೆರಡು ದಿನವಾಯಿತು, ತೊಟ್ಟಿಯ ತುಂಬ ಬಿಳಿ ನೊರೆ ಎದ್ದಿದೆ, ಮೆಟ್ಟಿಲ ತನಕ ಬರುತ್ತದೆ. ಹೆದರಿ ಕಂಗಾಲಾಗಿದ್ದಾನೆ. ಬ್ಲೋವರ್ ಸದ್ದು ನನಗೆ ಕೇಳದು, ಆದರೆ ನೀವು ಹೇಳಿಕೊಟ್ಟ ಹಾಗೆ ಪೈಪಿನ ಮೇಲೆ ಅಂಗೈ ಇಟ್ಟು ನೋಡಿದೆ. ನಡುಕ ಸರಿಯಿಲ್ಲ ಎನಿಸಿತು. ಅವನಿಗೆ ಹೇಳಲು ನನಗೆ ಅಧಿಕಾರವಿಲ್ಲ.

ಏನು ಮಾಡಬೇಕು ಎಂದು ಬರೆದು ಕಳಿಸುತ್ತೀರಾ? ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ವಿಷ್ಣುಪ್ರಸಾದ


ಜನ್ನಾಪುರ
18 ಫೆಬ್ರುವರಿ 2026

ಮೇಷ್ಟ್ರೇ,

ನೊರೆಗೆ ಹೆದರಬೇಡ ಎಂದು ಹೇಳಿ. ಹೆಪ್ಪು ಎಳೆಯದು, ಮಗು ಹಾಲು ಕಕ್ಕಿದ ಹಾಗೆ. ಗಾಳಿ ಸ್ವಲ್ಪ ಕಮ್ಮಿ ಮಾಡಲಿ. ಸೋಪಿನ ನೀರು ಜಾಸ್ತಿ ಬರುವುದು ಭಾನುವಾರ, ಎಲ್ಲರೂ ಬಟ್ಟೆ ಒಗೆಯುವ ದಿನ, ಆವತ್ತು ಮೈಯೆಲ್ಲ ಕಣ್ಣಾಗಿರಲಿ. ನಲವತ್ತು ದಿನಕ್ಕೆ ಮುಂಚೆ ಬಣ್ಣ ತಿರುಗುವುದಿಲ್ಲ. ಬೆಲ್ಲದ ನೀರಿನ ಬಣ್ಣಕ್ಕೆ ಬಂದು, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೆದ್ದ ಹಾಗೆ. ಕೊಳೆತ ವಾಸನೆ ಬಂದರೆ ಗಾಳಿ ಸಾಲದು.

ಮೀಟರಿನ ಮುಳ್ಳು ಹಸಿರು ಗೆರೆ ದಾಟಿದ ದಿನವೇ ಪಂಪು ನಿಲ್ಲಿಸಿ ಮೆಂಬ್ರೇನ್ ತೊಳೆಯಬೇಕು, ನಾಳೆ ಎನ್ನಬಾರದು. ಕಕ್ಕಸು ತೊಳೆಯುವ ಆ್ಯಸಿಡ್ ಬಾಟಲಿಗಟ್ಟಲೆ ಸುರಿಯಬೇಡಿ ಎಂದು ಮನೆಮನೆಗೆ ಹೇಳಬೇಕು. ಹೆಂಗಸರಿಗೆ ಹೇಳಿದರೆ ಸಾಲದು, ಗಂಡಸರಿಗೂ ಹೇಳಬೇಕು. ಪೈಪಿನ ನಡುಕ ಸರಿಯಿಲ್ಲ ಎಂದಿರಿ, ಬ್ಲೋವರ್ ಬೆಲ್ಟ್ ಸಡಿಲ ಇರಬಹುದು. ನಿಮ್ಮ ಅಂಗೈ ಸುಳ್ಳು ಹೇಳುವುದಿಲ್ಲ, ನಾನು ನಾಲ್ಕು ವರ್ಷ ಕಲಿಸಿದ್ದೇನೆ.

ಕರೆಂಟ್ ಎಷ್ಟು ಹೊತ್ತು ಹೋದರೂ ತೊಟ್ಟಿಯ ನೀರು ಇಳಿಸಬಾರದು.

ಮಾರ್ಚ್ 3ಕ್ಕೆ ಮತ್ತೆ ಗ್ರಹಣ ಎಂದು ಕ್ಯಾಲೆಂಡರಿನಲ್ಲಿದೆ. ಒಂದು ಎಳೆ ದರ್ಭೆ ಸಾಕು. ನೀರಿಗೆ ಬಿಡಬೇಡಿ, ಗಾಳಿಗೆ ಸುತ್ತಿ ಶಾವಿಗೆಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳದ ಹಿಡಿಗೆ ತಂತಿಯಲ್ಲಿ ಕಟ್ಟಿ. ಅದಕ್ಕೆ ನಿಮ್ಮ ಶಾಸ್ತ್ರ ಒಪ್ಪುತ್ತದೆಯೋ ಇಲ್ಲವೋ, ಒಪ್ಪಿಸಿ.

ಇಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಿದ್ದೇನೆ. ನಲ್ಲಿ, ಪೈಪು, ವಾಷರ್. ಕೈಗೆ ಎಣ್ಣೆ ಹತ್ತುವುದಿಲ್ಲ.

ಈ ಹಾಳೆ ನಾಗೇಶನಿಗೆ ಕೊಡಿ. ಬರೆದವರ ಹೆಸರು ಹೇಳಬೇಡಿ. ನನ್ನ ಹೆಸರು ಕೇಳಿದರೆ ಅವನು ಇದರಲ್ಲಿ ಒಂದನ್ನೂ ಮಾಡುವುದಿಲ್ಲ.

ಕೊಟ್ರಬಸಪ್ಪ


ವಿದ್ಯಾನಗರ
4 ಮಾರ್ಚ್ 2026

ಕೊಟ್ರಬಸಪ್ಪನವರೇ,

ನೊರೆ ಇಳಿದಿದೆ. ಬೆಲ್ಟ್ ಸಡಿಲವಿದ್ದದ್ದು ನಿಜ. ಬಣ್ಣ ಬೆಲ್ಲದ ನೀರಿಗೆ ತಿರುಗುತ್ತಿದೆ. ನಿನ್ನೆ ನಾಗೇಶ ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ತಂದು ತೋರಿಸಿದ. ನಾನು ಲೋಟವನ್ನು ಕೈಗೆ ತೆಗೆದುಕೊಂಡೆ. ನಿಮ್ಮ ಕೈಯಿಂದ ಒಂದು ದಿನವೂ ತೆಗೆದುಕೊಂಡಿರಲಿಲ್ಲ.

ನಿನ್ನೆ ಸಂಜೆ ಚಂದ್ರ ಹುಟ್ಟುವಾಗಲೇ ಗ್ರಹಣ, ಸ್ವಲ್ಪ ಹೊತ್ತಿಗೆಲ್ಲ ಬಿಟ್ಟಿತು. ಮಧ್ಯಾಹ್ನವೇ ಸುಬ್ಬಲಕ್ಷ್ಮಿಯಿಂದ ದರ್ಭೆ ಇಸಿದುಕೊಂಡು ಮೊದಲು ಕೆಳಗೆ ಇಳಿದೆ. ಉಪ್ಪಿನಕಾಯಿಗಿಂತ ಮೊದಲು, ಹಾಲಿಗಿಂತ ಮೊದಲು. ಮುಚ್ಚಳದ ಹಿಡಿಗೆ ತಂತಿಯಲ್ಲಿ ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ, ನಾಗೇಶನೇ ಬಿಗಿದು ಕೊಟ್ಟ.

ಅವನ ಕಿಸೆಯಲ್ಲಿ ನಿಮ್ಮ ಹಾಳೆ ಇತ್ತು. ನನ್ನ ಕಿವಿಯ ಬಳಿ ಬಂದು ಕೇಳಿದ: "ಯಾರ್ ಸರ್ ಇದನ್ ಬರ್ದಿದ್ದು? ಟ್ರೈನಿಂಗಲ್ಲಿ ಕೂಡ ಇಷ್ಟ್ ಚೆನ್ನಾಗಿ ಹೇಳ್ಕೊಟ್ಟಿಲ್ಲ."

ಹೆಸರು ಹೇಳಬೇಡಿ ಎಂದಿದ್ದಿರಿ. ನನ್ನಿಂದಾಗಲಿಲ್ಲ, ಹೇಳಿದೆ.

ಅವನ ಮುಖ ಸಣ್ಣಗಾಯಿತು. "ಅವ್ರಾ? ತೊಟ್ಟಿ ಒಣಗ್ಸಿದೋರು?"

ಅವರಲ್ಲಪ್ಪ, ಒಣಗಿಸಿದವನು ನಾನು ಎಂದೆ. ಕೂತು ಎಲ್ಲ ಹೇಳಿದೆ. ಕುಂಸಿ, ಕೀಲಿಕೈ, ಸ್ವಿಚ್ಚು, ವಾಲ್ವ್, ಪೊರಕೆ, ಮೊಣಕಾಲೂರಿ ಉಜ್ಜಿದ್ದು. ಯಾವುದನ್ನೂ ಬಿಡಲಿಲ್ಲ. ಅವನು ಕೈಕಟ್ಟಿ ನಿಂತು, ಗೌರವದಿಂದ ಕೇಳಿದ. ಈ ಆರು ತಿಂಗಳಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದವನು ಅವನೊಬ್ಬನೇ. ಕಣ್ಣಲ್ಲಿ ನೀರು ಬಂತು.

ಮುಗಿದ ಮೇಲೆ ಅವನು ನನ್ನ ಮೊಣಕೈ ಹಿಡಿದು ಮೆಟ್ಟಿಲ ತನಕ ಕರೆದುಕೊಂಡು ಬಂದ. ಕಿವಿಗೆ ಬಾಯಿ ಹತ್ತಿರ ತಂದು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಕೂಗಿದ:

"ಆಯ್ತು ಸರ್. ಬೇಜಾರ್ ಮಾಡ್ಕೋಬೇಡಿ. ನೀವು ಹಿಂಗೇ ಹೇಳ್ತೀರ ಅಂತ ಸೆಕ್ರೆಟರಿ ಸರ್ ಮೊದ್ಲೇ ಹೇಳಿದಾರೆ."

ವಿಷ್ಣುಪ್ರಸಾದ